ನಿನ್ನ ಬ್ಯಾಳಿ ಇಲ್ಲಿ ಬೇಯೂದಿಲ್ಲ

ಈ ಮಾತನ್ನು ನನಗೆ ಅಂದವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಿನ್ನ ಆಟ ಇಲ್ಲಿ ನಡೆಯುವುದಿಲ್ಲ ಅಂತ ಇದರ ಅರ್ಥ, ಯಾರಿಗೆ ಗೊತ್ತಿಲ್ಲ? ನಮ್ಮ ಬಸವಕಲ್ಯಾಣದಲ್ಲಂತೂ ಇದು ಮೂರು ಭಾಷೆಯಲ್ಲಿ ಸಿಗುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಅನ್ನಿಸಿಕೊಂಡು ಹೊರಗೆ ಬಂದರೆ ಬಾಜೂ ಮನೆಯಲ್ಲಿ ಯಾರೋ ಯಾರಿಗೋ ಉರ್ದುವಿನಲ್ಲಿ ‘ದಾಲ್ ನೈ ಗಲ್ತಿ’ ಅನ್ನುತ್ತಿರುತ್ತಾರೆ, ಸಂತೆಗೆ ಹೋದರೆ ಮರಾಠಿಯವರ ಬಾಯಲ್ಲೂ ಅದೇ ಬೇಳೆ. ಆದರೆ ನನ್ನ ನೆಗೆಣ್ಣಿ ಅಂದದ್ದು ಗಾದೆಯಲ್ಲ. ನನ್ನ ಬೇಳೆ ನಿಜವಾಗಿಯೂ ಬೆಂದಿರಲಿಲ್ಲ.

ನಾನು ಹುಮನಾಬಾದಿನ ಮಗಳು. ಹಳೆ ಓಣಿಯ ನಮ್ಮ ಮನೆಯ ಹಿತ್ತಲಲ್ಲಿ ಸೇದುವ ಬಾವಿ ಇದೆ, ಈಗಲೂ ಇದೆ. ಅವ್ವ ಅದೇ ನೀರಿನಲ್ಲಿ ಅಡುಗೆ ಮಾಡುತ್ತಾಳೆ. ಓಣಿಯಲ್ಲಿ ಯಾರ ಮನೆ ಮದುವೆಯಾದರೂ ಸಾರಿಗೆ ಅವ್ವನನ್ನೇ ಕರೆಯುತ್ತಿದ್ದರು. ‘ಆಕಿ ಬ್ಯಾಳಿಗಿ ಕೈ ಹಚ್ಚಿದ್ರ ಸಾಕು, ಬೆಣ್ಣಿ ಆಗ್ತದ’ ಅನ್ನುತ್ತಿದ್ದರು. ಅವ್ವನಿಗೆ ಇದ್ದ ಹೆಸರು ಅದೊಂದೇ. ಓದಿದವಳಲ್ಲ, ಒಡವೆಯವಳಲ್ಲ, ಬೇಳೆ ಬೇಯಿಸುವವಳು. ಅವಳ ಮಗ್ಗುಲಲ್ಲಿ ನಿಂತು ಕಲಿತ ನನಗೂ ಆ ಜಂಬ ಇತ್ತು. ಮದುವೆಯಾಗಿ ಕಲ್ಯಾಣಕ್ಕೆ ಬರುವಾಗ ಟ್ರಂಕಿನ ಸೀರೆಗಳಿಗಿಂತ ಹೆಚ್ಚಾಗಿ ಆ ಜಂಬವನ್ನೇ ಹೊತ್ತುಕೊಂಡು ಬಂದಿದ್ದೆ.

ಅತ್ತೆಮನೆಯಲ್ಲಿ ಬಾವಿ ಇರಲಿಲ್ಲ, ನಳ ಇತ್ತು. ನಳಕ್ಕೆ ಬರುವುದು ಬೋರಿನ ನೀರು. ಊರವರು ಅದಕ್ಕೆ ಖಾರಾ ನೀರು ಅನ್ನುತ್ತಾರೆ. ಮೆಣಸಿನಕಾಯಿಯ ಖಾರವಲ್ಲ, ಗಡಸು ನೀರು ಅಂತ ಅರ್ಥ. ಮೊದಮೊದಲು ಬಚ್ಚಲಲ್ಲಿ ಗೊತ್ತಾಯಿತು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಬಂದದ್ದು ಮೈಗೆ ಜಿಡ್ಡಾಗಿ ಅಂಟಿಕೊಂಡು ಹೋಗುವುದಿಲ್ಲ. ತಲೆಗೆ ಎರೆದುಕೊಂಡರೆ ಕೂದಲು ಕತ್ತದ ಹಗ್ಗ. ಬಿಳಿ ಅಂಗಿ ಮೂರ್ನಾಲ್ಕು ಒಗೆತಕ್ಕೆ ಬೂದಿ ಬಣ್ಣಕ್ಕೆ ತಿರುಗಿ, ಒಣಗಿದ ಮೇಲೆ ಹಪ್ಪಳದ ಹಾಗೆ ನಿಲ್ಲುತ್ತದೆ. ನಳದ ಬಾಯಿಗೆ ಬಿಳಿ ಗಡ್ಡ ಬೆಳೆದಿತ್ತು. ನೀರು ಕಾಸುವ ಹಂಡೆಯ ಒಳಗೆ ಸುಣ್ಣದ ಚಿಪ್ಪು ಕಟ್ಟಿ, ಅದನ್ನು ರೊಟ್ಟಿ ಮಗುಚುವ ಸರಾಟಿಯಿಂದ ಕೆರೆಯುವುದೇ ನನ್ನ ಭಾನುವಾರದ ಕೆಲಸವಾಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಸ್ಟೀಲ್ ಗಿಲಾಸು ಒಣಗುವಷ್ಟರಲ್ಲಿ ಮತ್ತೆ ಕಲೆ. ಇದಕ್ಕೆಲ್ಲ ನಾನು ಗೊಣಗಿದೆ, ಆದರೆ ಹೊಂದಿಕೊಂಡೆ. ಕುಡಿಯಲಿಕ್ಕೆ ಫಿಲ್ಟರ್ ನೀರಿನ ಕ್ಯಾನು ಬರುತ್ತಿತ್ತು. ಅದು ಅತ್ತೆಯ ಮಂಚದ ಪಕ್ಕದಲ್ಲಿ, ಅತ್ತೆಯ ಕಣ್ಣಳತೆಯಲ್ಲಿ ಇರುತ್ತಿತ್ತು. ಅದರಿಂದ ಒಂದು ಚರಿಗೆ ಅಡುಗೆಗೆ ತೆಗೆದುಕೊಳ್ಳುವುದು ಆ ಮನೆಯಲ್ಲಿ ಯಾರೂ ಮಾಡದ ಕೆಲಸ.

ಅಡುಗೆಮನೆಯಲ್ಲಿ ವಾರಕ್ಕೊಂದು ಪಾಳಿ. ಒಂದು ವಾರ ಅಕ್ಕನದು (ನೆಗೆಣ್ಣಿಯನ್ನು ನಾನು ಅಕ್ಕಾ ಅಂತಲೇ ಕರೆಯುವುದು), ಮುಂದಿನ ವಾರ ನನ್ನದು. ಅತ್ತೆ ಸೌಟು ಕೆಳಗಿಟ್ಟು ವರ್ಷಗಳಾಗಿದ್ದವು. ಅವರು ಅಡುಗೆ ಮಾಡುವ ಕಾಲಕ್ಕೆ ನಳದಲ್ಲಿ ಬೇರೆ ಕಡೆಯ ಒಳ್ಳೆ ನೀರು ಬರುತ್ತಿತ್ತಂತೆ. ಗಂಡಸರು ರಾಜೇಶ್ವರದ ಕಡೆಯ ಹೊಲ ನೋಡಿಕೊಂಡು ಊಟದ ಹೊತ್ತಿಗೆ ಬಂದು ಕೂರುವವರು. ಅವರಿಗೆ ಗೊತ್ತಿದ್ದದ್ದು ತಟ್ಟೆಗೆ ಬಿದ್ದದ್ದು ಮಾತ್ರ.

ನನ್ನ ಪಾಳಿಯ ಮೊದಲ ದಿನ ಕುಕ್ಕರು ಸೀಟಿ ಹೊಡೆಯಿತು, ಇಳಿಸಿದೆ, ಮುಚ್ಚಳ ತೆಗೆದೆ. ಬೇಳೆ ಬೇಳೆಯಾಗಿಯೇ ಕೂತಿತ್ತು. ಮತ್ತೆ ಇಟ್ಟೆ. ಹೊರಗೆ ಒಡೆದ ಹಾಗೆ ಕಂಡರೂ ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ ಕಾಳು, ಮೇಲೆ ಬಿಳಿಚಿಕೊಂಡ ಬಣ್ಣ. ಕಡೆಗೋಲಿನಿಂದ ಕಡೆದರೆ ನೀರು ಬೇರೆ, ಬೇಳೆ ಬೇರೆ. ಕುಕ್ಕರಿನ ರಬ್ಬರು ಬದಲಿಸಿದೆ. ಬೇಳೆಯನ್ನು ನೆನೆಹಾಕಿದೆ. ಎಣ್ಣೆ ಬಿಟ್ಟೆ, ಅರಿಸಿನ ಮೊದಲು ಹಾಕಿದೆ, ಆಮೇಲೆ ಹಾಕಿದೆ. ಚಿಟಿಕೆ ಸೋಡಾ ಹಾಕೋಣವೆಂದರೆ ಮಾವನಿಗೆ ಬಿ.ಪಿ., ಡಾಕ್ಟರು ಬೇಡ ಅಂದಿದ್ದಾರೆ ಅಂತ ಅಕ್ಕ ಸೋಡಾದ ಡಬ್ಬಿಯನ್ನೇ ಮನೆಯಿಂದ ಆಚೆ ಹಾಕಿದ್ದಳು. ಗ್ಯಾಸು ಖಾಲಿಯಾಯಿತೇ ಹೊರತು ಬೇಳೆ ಕರಗಲಿಲ್ಲ.

ಮುಂದಿನ ವಾರ ಅಕ್ಕನ ಪಾಳಿ. ಅದೇ ಡಬ್ಬಿಯ ಬೇಳೆ, ಅದೇ ಕುಕ್ಕರು. ಎರಡು ಸೀಟಿಗೆ ಬೇಳೆ ಗಂಜಿಯ ಹಾಗೆ ಕರಗಿ ಬಂತು. ಮಾವ ಎರಡೆರಡು ಸಲ ಬಡಿಸಿಕೊಂಡರು. ಅತ್ತೆ ಅಂದರು, ‘ಎಲ್ಲಾ ಕೈಗುಣ. ಕೈಗುಣ ಇಲ್ಲಂದ್ರ ಬಂಗಾರದ ಬ್ಯಾಳಿ ಹಾಕಿದ್ರೂ ಅಷ್ಟ.’ ಅಕ್ಕ ತಲೆ ತಗ್ಗಿಸಿ ನಕ್ಕಳು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವ ಇರಾದೆಯೂ ನನಗಿಲ್ಲ.

ಕೈಗುಣ ಅನ್ನುವುದು ಎಂಥ ಮಾತು ನೋಡಿ. ಉಪ್ಪು ಹೆಚ್ಚಾಯಿತು ಅಂದರೆ ನಾಳೆ ಕಡಿಮೆ ಹಾಕಬಹುದು. ಕೈಗುಣ ಇಲ್ಲ ಅಂದರೆ ಕೈಯನ್ನೇ ಕತ್ತರಿಸಿ ಬಿಸಾಡಬೇಕು. ನಾನು ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವ ಮಟ್ಟಕ್ಕೆ ಬಂದೆ.

ಅಂಥ ಹೊತ್ತಿನಲ್ಲಿ ಅವ್ವ ಬಂದಳು. ಮಗಳ ಸಂಸಾರ ನೋಡಿ ಬರೋಣ ಅಂತ ಹುಮನಾಬಾದಿನಿಂದ ಬಸ್ಸು ಹಿಡಿದು, ಕೈಯಲ್ಲಿ ಒಂದು ಚೀಲ ಶೇಂಗಾ ಹಿಡಿದುಕೊಂಡು. ನನ್ನ ಪಾಳಿಯ ವಾರ. ಬೆಳಿಗ್ಗೆಯಿಂದ ಬೇಳೆಯ ಹಿಂದೆ ಬಿದ್ದೆ. ಕಲ್ಲಿನ ಒರಳಲ್ಲಿ ಅರೆದಾದರೂ ನುಣ್ಣಗೆ ಮಾಡೋಣವೆಂದು ನೋಡಿದೆ, ಅಷ್ಟರಲ್ಲಿ ಗಂಡಸರು ಬಂದು ಕೂತರು. ಎಲ್ಲರ ಜೊತೆ ಅವ್ವನನ್ನೂ ಕೂರಿಸಿದರು. ಅಕ್ಕ ತಾನಾಗಿ ಮುಂದೆ ಬಂದು ಸಾರಿನ ಪಾತ್ರೆ ಹಿಡಿದು ಬಡಿಸಲು ನಿಂತಳು. ಸೌಟಿನ ತುಂಬ ಗಟ್ಟಿ ಬೇಳೆಯನ್ನೇ ಎತ್ತಿ ಅವ್ವನ ಅನ್ನದ ಮೇಲೆ ಹಾಕಿದಳು.

‘ಉಣ್ರಿ ದೊಡ್ಡವ್ವಾ, ನಿಮ್ಮ ಮಗಳ ಕೈ ಅಡಗಿ. ಹುಮನಾಬಾದದಾಗ ಬ್ಯಾಳಿ ಹಿಂಗ ಹಸೀನ ಉಣ್ತಾರೇನ್ರಿ?’

ಭಾವ ಕಿಸಕ್ಕನೆ ನಕ್ಕರು. ಅತ್ತೆ, ‘ಸುಮ್ನಿರು ನೀ, ಬೀಗತಿ ಮುಂದ’ ಅಂದರು, ಆದರೆ ಅವರ ಬಾಯಂಚಿನಲ್ಲೂ ನಗು ಇತ್ತು. ಆಗ ಅಕ್ಕ ನನ್ನ ಕಡೆ ತಿರುಗಿ, ತಮಾಷೆಗೆ ಅನ್ನುವ ದನಿಯಲ್ಲಿ, ‘ಏನ್ ಮಾಡ್ಲಿ ತಂಗಿ, ನಿನ್ನ ಬ್ಯಾಳಿ ಇಲ್ಲಿ ಬೇಯೂದಿಲ್ಲ’ ಅಂದಳು.

ಅವ್ವ ತಲೆ ಎತ್ತಲಿಲ್ಲ. ಒಂದೊಂದೇ ತುತ್ತು ಕಟಕಟ ಅಗಿದು ನುಂಗಿದಳು. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ‘ಛಲೋ ಆಗಿತ್ರಿ’ ಅಂತ ಅತ್ತೆಗೆ ಹೇಳಿದಳು. ಊರಿನ ಮದುವೆಗಳಿಗೆ ಸಾರು ಮಾಡಿದ ಹೆಂಗಸು ಮಗಳ ಮನೆಯಲ್ಲಿ ಕಲ್ಲಿನಂಥ ಬೇಳೆ ತಿಂದು ಛಲೋ ಆಗಿತ್ತು ಅಂದಳು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ನಾನು ಅಳುತ್ತಿದ್ದೆ, ಅವಳು ಬೇರೆ ಏನೇನೋ ಮಾತಾಡಿದಳು. ಆಮೇಲೆ ಎರಡು ಸಲ ಕಲ್ಯಾಣಕ್ಕೆ ಬಂದರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಒಮ್ಮೆ ಒಪ್ಪತ್ತು ಅಂದಳು, ಒಮ್ಮೆ ಹೊಟ್ಟೆ ಸರಿ ಇಲ್ಲ ಅಂದಳು. ಚಹಾ ಕುಡಿದು ಎದ್ದಳು. ನನ್ನನ್ನು ಇನ್ನೊಂದು ಸಲ ನಗೆಪಾಟಲು ಮಾಡಬಾರದೆಂದು ಅವಳು ಉಪವಾಸ ಹೋಗುತ್ತಿದ್ದಳು. ಎರಡನೇ ಸಲ ಅವಳು ಹಾಗೆ ಎದ್ದುಹೋದ ದಿನವೇ ತೀರ್ಮಾನಿಸಿದೆ: ಅವ್ವ ಈ ಮನೆಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣಬೇಕು, ಅದನ್ನು ಬಡಿಸುವವಳು ಅಕ್ಕನೇ ಆಗಬೇಕು.

ಪಂಚಮಿಗೆ ತವರಿಗೆ ಹೋದೆ. ಅತ್ತೆ ಬೀಗರಿಗೆ ಅಂತ ಹೊಲದ ತೊಗರಿಬೇಳೆ ಕಟ್ಟಿ ಕೊಟ್ಟಿದ್ದರು, ನಾನು ಬೇಯಿಸಲಾಗದ ಅದೇ ಡಬ್ಬಿಯ ಬೇಳೆ. ಹಟಕ್ಕೆ ಬಿದ್ದು ಅವ್ವನ ಒಲೆಯ ಮೇಲೆ ನಾನೇ ಇಟ್ಟೆ. ನೀರು ಹಿತ್ತಲ ಬಾವಿಯದು. ಮುಚ್ಚಳ ತೆಗೆದರೆ ಬೇಳೆ ಎಲ್ಲಿ? ಕರಗಿ ಹಳದಿ ಗಂಜಿಯಾಗಿತ್ತು. ಬೇಳೆ ಅದೇ, ಕೈ ಅದೇ. ನಾನು ಪಾತ್ರೆ ನೋಡುತ್ತ ನಿಂತೆ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಬಾವಿಯ ಹಗ್ಗ ಸುತ್ತಲು ಹೋದಳು.

ಹಾಗಾದರೆ ದೋಷ ನಮ್ಮ ನಳದ ನೀರಿನದು. ಸರಿ. ಆದರೆ ಅದೇ ನಳದ ನೀರಿನಲ್ಲಿ ಅಕ್ಕನ ಬೇಳೆ ಹ್ಯಾಗೆ ಬೇಯುತ್ತದೆ? ಕಲ್ಯಾಣಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೆ ಇದೊಂದೇ ಯೋಚನೆ.

ಉತ್ತರ ದೇವರ ಹತ್ತಿರ ಇತ್ತು. ಅಕ್ಕ ಭಾರೀ ದೈವಭಕ್ತೆ. ದಿನಾ ಬೆಳಿಗ್ಗೆ ಮಡಿಯುಟ್ಟು ಓಣಿಯ ಆಚೆ ತುದಿಯ ಹಣಮಪ್ಪನ ಗುಡಿಗೆ ಹೋಗುತ್ತಿದ್ದಳು. ಗುಡಿಯ ಹಿಂದೆ ಹಳೆಯ ಬಾವಿ. ಅದರ ನೀರು ಸೇದಿ ದೇವರ ಮೆಟ್ಟಿಲಿಗೆ ಹಾಕಿ, ಖಾಲಿ ಕೊಡ ಮನೆಗೆ ತರಬಾರದೆಂದು ತುಂಬಿದ ಕೊಡ ತಂದು ದೇವರ ಕೋಣೆಯಲ್ಲಿ ಇಟ್ಟು ಮೇಲೆ ತಾಟು ಮುಚ್ಚುತ್ತಿದ್ದಳು. ಮಡಿ ನೀರು, ಯಾರೂ ಮುಟ್ಟುವ ಹಾಗಿಲ್ಲ. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, ‘ನಮ್ಮ ದೊಡ್ಡ ಸೊಸಿ ಭಕ್ತಿ ನೋಡ್ರಿ’ ಅಂತ.

ನಾನೂ ನೋಡಿದೆ. ಸರಿಯಾಗಿ ನೋಡಿದೆ. ಅಕ್ಕನ ಪಾಳಿಯ ವಾರ ಅಕ್ಕ ಗುಡಿಗೆ ಕೊಡ ಒಯ್ಯುತ್ತಿದ್ದಳು. ನನ್ನ ಪಾಳಿಯ ವಾರ ಬಂತೆಂದರೆ ಬರೀ ಹೂವಿನ ಬುಟ್ಟಿ ಒಯ್ಯುತ್ತಿದ್ದಳು, ಕೊಡ ದೇವರ ಕೋಣೆಯಲ್ಲಿ ಬೋರಲು ಬಿದ್ದಿರುತ್ತಿತ್ತು. ಹಣಮಪ್ಪನಿಗೆ ವಾರ ಬಿಟ್ಟು ವಾರ ನೀರಡಿಕೆಯಾಗುತ್ತಿತ್ತು ಅನ್ನಿ! ಆ ಮಡಿ ನೀರು ಹೋಗುತ್ತಿದ್ದದ್ದು ಅಕ್ಕನ ಕುಕ್ಕರಿಗೆ. ಗೊತ್ತಾದ ದಿನ ನನಗೆ ಸಿಟ್ಟಿಗಿಂತ ಮೊದಲು ನಗು ಬಂತು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು, ಅದು ಮಾತ್ರ ಮುಗಿಯಲಿಲ್ಲ. ನಳದ ನೀರಿಗೆ ಬೇಳೆ ಬೇಯುವುದಿಲ್ಲವೆಂದು ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಗೆ ಹೆಸರಿಟ್ಟಳು. ಗೊತ್ತಿದ್ದೂ ನನ್ನ ಅವ್ವನ ತಟ್ಟೆಗೆ ಗಟ್ಟಿ ಬೇಳೆ ಆರಿಸಿ ಆರಿಸಿ ಹಾಕಿದಳು.

ಎಲ್ಲರ ಮುಂದೆ ಬಯಲು ಮಾಡಬಹುದಿತ್ತು. ಮಾಡಿದ್ದರೆ ಏನಾಗುತ್ತಿತ್ತು? ‘ದೇವರ ನೀರಿನ ಮ್ಯಾಲೂ ಹೊಟ್ಟಿಕಿಚ್ಚಾ?’ ಅನ್ನುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕಾದೆ. ಕಾಯುವುದನ್ನು ಆ ಕುಕ್ಕರಿನ ಮುಂದೆ ನಿಂತು ಚೆನ್ನಾಗಿಯೇ ಕಲಿತಿದ್ದೆ.

ವರ್ಷ ತಿರುಗಿ ಎತ್ತುಗಳ ಹಬ್ಬ ಕಾರಹುಣ್ಣಿಮೆ ಅಕ್ಕನ ಪಾಳಿಗೆ ಬಂತು. ಮನ್ನಾಏಖೇಳ್ಳಿಯಿಂದ ಅಕ್ಕನ ತಾಯಿ ಬರುವವರಿದ್ದರು, ಜೊತೆಗೆ ಅವಳ ಅತ್ತಿಗೆಯರು. ಹೋಳಿಗೆ ಮಾಡುವುದೆಂದು ನಿಶ್ಚಯ. ಹೋಳಿಗೆಯೆಂದರೆ ಕಡಲೆಬೇಳೆ. ಕಡಲೆಬೇಳೆ ಬೆಣ್ಣೆಯಂತೆ ಬೇಯದಿದ್ದರೆ ಹೂರಣ ರವೆರವೆ, ಹೂರಣ ರವೆಯಾದರೆ ಹೋಳಿಗೆ ಹರಿಯುತ್ತದೆ. ಬೆಳಿಗ್ಗೆ ಅಕ್ಕ ಗುಡಿಯಿಂದ ಕೊಡ ತಂದಿಟ್ಟು ಎತ್ತುಗಳ ಕೋಡಿನ ತುದಿಗೆ ಕೋಡಣಸು ಕಟ್ಟುವ ಗಡಿಬಿಡಿ ನೋಡಲು ಅಂಗಳಕ್ಕೆ ಹೋದಳು. ನಾನು ದೇವರ ಕೋಣೆಗೆ ಹೋದೆ. ಸ್ನಾನ ಮಾಡಿಯೇ ಹೋದೆ, ಮಡಿ ಕೆಡಿಸಿದ ಪಾಪ ಬೇಡ ಅಂತ. ಆ ಸಿಹಿನೀರನ್ನು ಹಿತ್ತಲ ಕರಿಬೇವಿನ ಗಿಡಕ್ಕೆ ಹಾಕಿ, ಕೊಡಕ್ಕೆ ನಳದ ನೀರು ತುಂಬಿ, ಮೇಲೆ ಅದೇ ತಾಟು ಮುಚ್ಚಿ, ಈರುಳ್ಳಿ ಹೆಚ್ಚಲು ಕೂತೆ.

ಕುಕ್ಕರು ಸೀಟಿ ಹೊಡೆಯಿತು. ಅಕ್ಕ ಮುಚ್ಚಳ ತೆಗೆದಳು, ಹಿಚುಕಿದಳು, ಮತ್ತೆ ಮುಚ್ಚಿದಳು. ಮತ್ತೆ ಸೀಟಿ. ಮತ್ತೆ ಹಿಚುಕಿದಳು. ಆ ಆತಂಕ ನನಗೆ ಪರಿಚಯದ್ದು, ಪ್ರತಿ ಹೆಜ್ಜೆಯೂ ಪರಿಚಯದ್ದು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತು ಮನ್ನಾಏಖೇಳ್ಳಿಯವರು ಇಳಿದರು. ಅಕ್ಕ ದೇವರ ಕೋಣೆಗೆ ಹೋಗಿ ಕೊಡದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು.

ನಾನೂ ನೋಡಿದೆ. ಕಣ್ಣಲ್ಲಿ ಈರುಳ್ಳಿಯ ನೀರಿತ್ತು, ಆದರೂ ನೆಟ್ಟಗೆ ನೋಡಿದೆ. ಏನಂತ ಅಂದಾಳು? ನನ್ನ ನೀರು ಯಾರೋ ಬದಲಿಸಿದರು ಅನ್ನಬೇಕಾದರೆ ನನಗೊಂದು ಬೇರೆ ನೀರಿತ್ತು ಅಂತ ಮೊದಲು ಒಪ್ಪಿಕೊಳ್ಳಬೇಕು. ಹಬ್ಬದ ಮನೆಯಲ್ಲಿ, ತವರಿನವರ ಮುಂದೆ, ಅತ್ತೆಯ ಮುಂದೆ. ಅಷ್ಟು ದಿನದ ಕೈಗುಣವೂ ಭಕ್ತಿಯೂ ಒಂದೇ ಕೊಡದಲ್ಲಿ ಮುಳುಗಿಹೋಗುತ್ತಿದ್ದವು. ಕಳ್ಳನಿಗೆ ಚೇಳು ಕಡಿದ ಹಾಗೆ ಅಂತಾರಲ್ಲ, ಹಾಗಾಯಿತು ಅಕ್ಕನ ಸ್ಥಿತಿ. ನನಗೆ ಎಷ್ಟು ಹಿತವಾಯಿತೆಂದರೆ, ಇನ್ನೂ ಎರಡು ಈರುಳ್ಳಿ ಹೆಚ್ಚಿಗೆ ಹೆಚ್ಚಿದೆ.

ಹೋಳಿಗೆಗಳು ಹಂಚಿನ ಮೇಲೆ ಹರಿದವು. ಹೂರಣ ಹೊರಗೆ ಬಂದು ಸೀದಿತು. ಅತ್ತೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, ‘ಇದೇನವಾ ಇವತ್ತ? ನಿನ್ನ ಕೈಗುಣ ಎಲ್ಲಿ ಹೋತು?’ ಅಂದರು. ಅಕ್ಕನ ಅತ್ತಿಗೆಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಕನ ತಾಯಿ ಮಾತ್ರ ಮುರುಕು ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ನಿಧಾನಕ್ಕೆ ಅಗಿದು, ‘ಛಲೋ ಆಗ್ಯಾವ’ ಅಂದರು. ಆ ಒಂದು ಮಾತು ಕೇಳಿದಾಗ ನನಗೆ ಏನೋ ಚುಚ್ಚಿತು ಅಂತ ಬರೆಯಬೇಕೇನೋ. ಚುಚ್ಚಲಿಲ್ಲ. ಗೊತ್ತಾಯಿತಲ್ಲ ಈಗ, ಅಂತ ಅನ್ನಿಸಿತು. ಒಳಗೆ ಅಕ್ಕ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಅಂದೆ, ‘ಅಕ್ಕಾ, ಇವತ್ತ ನಿಮ್ಮ ಬ್ಯಾಳಿ ಬೇಯಲಿಲ್ಲ ನೋಡ್ರಿ.’

ಅಷ್ಟಕ್ಕೆ ಬಿಡಲಿಲ್ಲ. ಸೋಮವಾರ ನನ್ನ ಪಾಳಿ ಬಂತು. ಅಕ್ಕ ಹೂವಿನ ಬುಟ್ಟಿ ಹಿಡಿದು ಗುಡಿಗೆ ಹೊರಟಾಗ ನಾನು ಖಾಲಿ ಕೊಡ ತಂದು ಅತ್ತೆಯ ಎದುರಿಗೇ ಅವಳ ಕೈಗೆ ಕೊಟ್ಟೆ.

‘ಅಕ್ಕಾ, ಕೊಡ ಮರ್ತೀರಿ. ನನ್ನ ಪಾಳಿ ಇದ್ರ ದೇವರಿಗಿ ನೀರ್ ಬ್ಯಾಡೇನ್ರಿ? ದೇವರಿಗೂ ಪಾಳಿ ಇರ್ತದಾ?’

‘ಹೌದಲಾ, ಖರೇ ಹೇಳಾಕತ್ತಾಳ ಸಣ್ಣಾಕಿ,’ ಅಂದರು ಅತ್ತೆ. ‘ತುಂಬಿದ ಕೊಡ ಮನಿಗಿ ಬರೂದು ಛಲೋ.’

ಅಕ್ಕ ಕೊಡ ತೆಗೆದುಕೊಂಡು ಹೋದಳು. ಬಂದು ದೇವರ ಕೋಣೆಯಲ್ಲಿಟ್ಟಳು. ನಾನು ಸ್ನಾನ ಮಾಡಿ, ಮಡಿಯಿಂದ ಹೋಗಿ, ಬೇಕಾದಷ್ಟು ನೀರು ಬಗ್ಗಿಸಿಕೊಂಡು ಬಂದೆ. ಅವತ್ತು ನನ್ನ ಬೇಳೆ ಕರಗಿತು. ಮಾವ ಎರಡನೇ ಸಲ ಬಡಿಸಿಕೊಂಡರು. ‘ಬರಬರ್ತ ಇಕಿ ಕೈಗುಣಾನೂ ಸುಧಾರಿಸ್ತು’ ಅಂದರು ಅತ್ತೆ. ಅಂದಿನಿಂದ ಅಕ್ಕನ ಭಕ್ತಿಗೆ ರಜೆಯಿಲ್ಲ. ನನ್ನ ವಾರವೂ ಅವಳೇ ಹೊರಬೇಕು, ಅವಳ ವಾರವೂ ಅವಳೇ. ನೆಂಟರು ಬಂದ ದಿನ ನಾನು, ‘ಅಕ್ಕಾ, ಇವತ್ತ ದೇವರಿಗಿ ಇನ್ನೊಂದು ಕೊಡ ಹಾಕ್ರಿ’ ಅಂತ ಅತ್ತೆಗೆ ಕೇಳುವ ಹಾಗೆ ಕೂಗುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದಳು.

ಆಮೇಲೆ ಅವ್ವನಿಗೆ ಫೋನು ಮಾಡಿದೆ. ‘ಬಾ, ಉಪಾಸ ಇರಬ್ಯಾಡ, ಹಸಕೊಂಡು ಬಾ’ ಅಂದೆ. ಅವ್ವ ಬೆಳಗಿನ ಬಸ್ಸಿಗೇ ಬಂದಳು. ಬಸ್‌ಸ್ಟ್ಯಾಂಡಿನಿಂದ ಓಣಿಯೊಳಗೆ ನಡೆದು ಬರುವಾಗ ಅಕ್ಕ ಗುಡಿಯ ಕಡೆಯಿಂದ ಸೊಂಟದ ಮೇಲೆ ಕೊಡ ಹೊತ್ತು ಬರುತ್ತಿದ್ದಳು. ಇಬ್ಬರೂ ಜೊತೆಗೇ ಬಾಗಿಲು ದಾಟಿದರು. ನಾನು ಒಳಗಿನಿಂದ ನೋಡಿದೆ, ಅಕ್ಕನ ಸೀರೆಯ ಒಂದು ಮಗ್ಗುಲು ತೊಯ್ದಿತ್ತು.

ಊಟಕ್ಕೆ ಅವ್ವನನ್ನು ಕೂರಿಸಿದೆ. ‘ಅಕ್ಕಾ, ನೀವ ಬಡಸ್ರಿ’ ಅಂದೆ. ಅಕ್ಕ ಸಾರಿನ ಪಾತ್ರೆ ತಂದಳು. ಸೌಟಿನಿಂದ ಬೇಳೆ ಜಾರಿ ಅನ್ನದ ಮೇಲೆ ಹರಡಿಕೊಂಡಿತು. ಅವ್ವ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಆ ತುತ್ತಿಗಾಗಿ ನಾನು ಎಷ್ಟು ಕಾದಿದ್ದೆನೋ ನನಗೇ ಗೊತ್ತು. ಈಗ ಅವ್ವ ಎಲ್ಲರ ಮುಂದೆ ನನ್ನ ಕೈಯನ್ನು ಹೊಗಳುತ್ತಾಳೆ, ಅಕ್ಕ ನಿಂತು ಕೇಳುತ್ತಾಳೆ ಅಂತ ಕಂಬಕ್ಕೆ ಒರಗಿ ನಿಂತೆ.

ಅವ್ವ ನುಂಗಿ, ತಲೆಯೆತ್ತಿ ಅಕ್ಕನನ್ನು ನೋಡಿದಳು.

‘ಯವ್ವಾ, ಅಷ್ಟ್ ದೂರದಿಂದ ದಿನಾ ತರ್ತೀ. ಕೊಡ ಭಾಳ ಭಾರ ಆಗ್ತದಲಾ?’

ಅಕ್ಕನ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಅವಳು ಒಳಗೆ ಹೋದಳು, ಮೂಗು ಸೀಟುವ ಸದ್ದು ಕೇಳಿಸಿತು. ಅತ್ತೆಗೆ ಏನೂ ತಿಳಿಯಲಿಲ್ಲ, ‘ದೇವರ ಕೆಲಸರಿ ಬೀಗತಿ, ಭಾರ ಎಲ್ಲಿಂದು’ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವನನ್ನು ಹಿಡಿದು ಕೇಳಿದೆ, ನಿನಗೆ ಯಾವಾಗ ಗೊತ್ತಾಯಿತು ಅಂತ. ‘ಮೊದಲನೇ ದಿನಾನೇ,’ ಅಂದಳು. ‘ಬ್ಯಾಳಿ ಬೆಳ್ಳಗ ಬಿಳಿಚಿತ್ತಲ್ಲ, ನೀರಿಂದು ಅಂತ ಬಾಯಾಗ ಇಟ್ಟಕೂಡ್ಲೇ ತಿಳೀತು. ಅವತ್ತ ಅಂದಿದ್ರ, ಹಂಗಾದ್ರ ದೊಡ್ಡಾಕಿ ಬ್ಯಾಳಿ ಹ್ಯಾಂಗ ಬೇಯ್ತದ ಅಂತ ಕೇಳ್ತಿದ್ರು, ಆಕಿ ಮಾರಿ ಹೋಗ್ತಿತ್ತು. ನೀ ಆಕಿ ಸಂಗಾಟ ಬಾಳೂದದ.’ ಹಾಗಾದರೆ ಉಪವಾಸ ಯಾಕೆ ಹೋದೆ ಅಂದರೆ, ‘ಮತ್ತ ಸುಳ್ಳು ಹೇಳೂದು ಬ್ಯಾಡಂತ’ ಅಂದಳು. ಬಸ್ಸು ಬಂತು, ಹತ್ತಿ ಕೂತಳು.

ನನಗೆ ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ ಬಸ್ಸು ಹೊರಡುವ ತನಕ ನಿಲ್ಲಲಿಲ್ಲ. ಅವಳಿಗೋಸ್ಕರ ನಾನು ಇಷ್ಟೆಲ್ಲ ಮಾಡಿದರೆ ಅವಳು ಅಕ್ಕನ ಸೊಂಟಕ್ಕೆ ಮರುಗಿದಳು! ಮರುಗಲಿ. ಬೇಯದ ಬೇಳೆ ತಿಂದವಳು ಅವಳು, ಕ್ಷಮಿಸುವ ಹಕ್ಕು ಅವಳಿಗಿದೆ. ಅದನ್ನು ನನ್ನ ಕೈಯಾರೆ ಬೇಯಿಸಿ ತಿನ್ನಿಸಿದವಳು ನಾನು, ನನಗೆ ಆ ದೊಡ್ಡತನ ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಕೊಡ ಎತ್ತಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ನಾನು ಏನಾದರೂ ಅಂದೇನೆಂದು ಕಾದಳೇನೋ. ನಾನು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ, ತಲೆಯೆತ್ತಲಿಲ್ಲ. ಅವಳು ಹೋದಳು. ಭಾರ ಆಗುತ್ತದೆ ಅಂತ ನನಗೆ ಗೊತ್ತು. ಆಗಲಿ.